ಮೊಲೊಕಾಯಿಯ ಸೇವಕ ಫಾದರ್ ಡೇಮಿಯನ್

ಹಿರಿಯರ ಕಾಲನ್ನು ಕಿರಿಯರು ತೊಳೆಯುವುದು ಲೋಕದ ರೂಢಿ. ಆದರೆ ಹಿರಿಯನೆನಿಸಿದವನೇ ಬಾಗಿ ಪರರ ಕಾಲನ್ನು ತೊಳೆದ ಪ್ರಸಂಗಗಳೂ ಧರ್ಮಗ್ರಂಥಗಳಲ್ಲಿ ಇಲ್ಲದಿಲ್ಲ. ಧರ್ಮರಾಯನ ರಾಜಸೂಯಯಾಗದಲ್ಲಿ ಬಂದವರ ಪಾದ ತೊಳೆಯುವ ಕೆಲಸವನ್ನು ಶ್ರೀಕೃಷ್ಣನು ತಾನಾಗಿಯೇ ವಹಿಸಿಕೊಂಡನೆಂದು ನಾವು ಕೇಳಿದ್ದೇವೆ. ಕ್ರೈಸ್ತರ ಧರ್ಮಗ್ರಂಥದಲ್ಲಿಯೂ ಇಂಥದೊಂದು ಪ್ರಸಂಗವು ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಬರುತ್ತದೆ. ಶತ್ರುಗಳ ಕೈಗೆ ಸಿಕ್ಕಲಿರುವ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತಿದ್ದ ಯೇಸುವು ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಒಬ್ಬೊಬ್ಬರ ಕಾಲನ್ನೂ ತೊಳೆದು ಒರೆಸಿದನು. ಆ ನಾಡಿನ ಮನೆಗಳಲ್ಲಿ ಅದು ಆಳಿನ ಕೆಲಸ. ಪೇತ್ರನೆಂಬ ಶಿಷ್ಯನಿಗೆ ಅದನ್ನು ಸಹಿಸುವುದು ಕಷ್ಟವಾಯಿತು. ಗುರುವು ತನ್ನ ಕಾಲನ್ನು ಮುಟ್ಟಕೂಡದೆಂದು ಅವನು ಹಟ ಹಿಡಿದನು. ತೊಳೆಯಿಸಿಕೊಳ್ಳದಿದ್ದರೆ ತನ್ನೊಡನೆ ನಿನಗೆ ಪಾಲಿಲ್ಲವೆಂದು ಗುರುವು ಹೇಳಿದ ಮೇಲೆಯೇ ಅವನು ಒಪ್ಪಿದ್ದು.

ಇದೇ ಭಾವವನ್ನು ಪೌಲನು ಫಿಲಿಪ್ಪಿ ಪಟ್ಟಣದ ಭಕ್ತರಿಗೆ ಸೆರೆಮನೆಯಿಂದ ಬರೆದ ಪತ್ರದಲ್ಲಿ ಇನ್ನೂ ವಿಶಾಲವಾಗಿ ವಿವರಿಸಿದ್ದಾನೆ. ದೇವರೊಡನೆ ಸಮಾನನಾಗಿದ್ದವನು ಆ ಸ್ಥಾನವನ್ನು ಬಿಗಿಹಿಡಿದು ಕೂಡದೆ, ತನ್ನ ಹಿರಿಮೆಯನ್ನೆಲ್ಲ ಕಳಚಿಟ್ಟು, ದಾಸನ ರೂಪದಲ್ಲಿ ಮನುಷ್ಯರ ನಡುವೆ ಇಳಿದು, ಅಪರಾಧಿಗಳಿಗೆ ಸಲ್ಲುವ ಶಿಲುಬೆಯ ಮರಣದವರೆಗೂ ತಗ್ಗಿದನೆಂಬುದು ಆ ಭಾಗದ ತಾತ್ಪರ್ಯ. ಪರಮಾತ್ಮನ ಮಹಿಮೆಯು ಸಿಂಹಾಸನದಲ್ಲಿ ಮಾತ್ರವಲ್ಲ, ಇಳಿದು ಬರುವುದರಲ್ಲಿಯೂ ಇದೆಯೆಂಬ ಈ ತತ್ತ್ವವನ್ನು ಪೀಠದ ಮೇಲೆ ನಿಂತು ಬೋಧಿಸಿದವರು ಸಾವಿರಾರು ಮಂದಿ. ಬದುಕಿ ತೋರಿಸಿದವರು ಕೆಲವೇ ಮಂದಿ. ಆ ಕೆಲವರಲ್ಲಿ ಬೆಲ್ಜಿಯಂ ದೇಶದ ರೈತನ ಮಗನಾದ ಫಾದರ್ ಡೇಮಿಯನ್ ಒಬ್ಬನು.

ಜೀವನಚರಿತ್ರೆಗೆ ಬರುವ ಮೊದಲು ಒಂದು ಮಾತನ್ನು ಹೇಳಬೇಕಾಗಿದೆ. ಈ ಕಾಲೇಜಿನಲ್ಲಿ ಓದುವ ನಮ್ಮಲ್ಲಿ ಅನೇಕರು ತಮ್ಮ ತಮ್ಮ ಮನೆಯಲ್ಲಿ ಮೊಟ್ಟಮೊದಲು ಪದವಿಯ ಮುಖ ಕಾಣುವವರು. ನಾನೂ ಆ ಗುಂಪಿಗೆ ಸೇರಿದವನೇ. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಸೇವೆಯೆಂಬುದು ಆರಿಸಿಕೊಂಡ ಆದರ್ಶವಾಗಿರಲಿಲ್ಲ. ಅದು ಹುಟ್ಟಿನೊಡನೆ ಹೆಗಲೇರಿದ ಹೊರೆಯಾಗಿತ್ತು. ಆದ್ದರಿಂದ ದಾಸನಾಗುವುದೇ ದೊಡ್ಡ ಗುಣವೆಂದು ಯಾರಾದರೂ ಹೇಳಿದರೆ ನಮ್ಮಂಥವರ ಮನಸ್ಸು ತುಸು ಹಿಂಜರಿಯುವುದು ಸಹಜವೇ. ತಗ್ಗಿ ನಡೆಯಬೇಕೆಂಬ ಉಪದೇಶವನ್ನು ಮೇಲಿರುವವನು ಕೆಳಗಿರುವವನಿಗೆ ಮಾಡಿದರೆ ಅದು ಧರ್ಮವೇ? ಕೆಳಗಿರುವವನನ್ನು ಕೆಳಗೆಯೇ ಇರಿಸುವ ಉಪಾಯವೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಡೇಮಿಯನ್ನನ ಚರಿತ್ರೆಯನ್ನು ಓದಬೇಕೆಂದು ನನಗೆ ತೋರುತ್ತದೆ.

ಆತನು ಹುಟ್ಟಿದ್ದು 1840ನೆಯ ಇಸವಿ ಜನವರಿ 3ರಂದು, ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳಿಟ್ಟ ಹೆಸರು ಯೋಸೆಫ್ ಡಿ ವೂಸ್ಟರ್. ಬೇಸಾಯದ ಜೊತೆಗೆ ಧಾನ್ಯದ ವ್ಯಾಪಾರವನ್ನೂ ಮಾಡುತ್ತಿದ್ದ ಮನೆತನ ಅದು. ಯೋಸೆಫನು ಏಳನೆಯ ಮಗು. ಗಟ್ಟಿಮುಟ್ಟಾದ ಮೈಕಟ್ಟು, ಕೆಲಸಕ್ಕೆ ಹಿಂಜರಿಯದ ಕೈ, ತುಸು ಹಟದ ಸ್ವಭಾವ. ಈ ಮಗನು ಮುಂದೆ ವ್ಯಾಪಾರವನ್ನು ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಆಗಿನ ಬೆಲ್ಜಿಯಂನಲ್ಲಿ ಹಳ್ಳಿಗರು ಆಡುತ್ತಿದ್ದುದು ಫ್ಲೆಮಿಷ್ ಭಾಷೆ. ಅಧಿಕಾರ, ವ್ಯಾಪಾರ, ವಿದ್ಯೆಗಳೆಲ್ಲ ನಡೆಯುತ್ತಿದ್ದುದು ಫ್ರೆಂಚ್ ಭಾಷೆಯಲ್ಲಿ. ಆದ್ದರಿಂದ ಹುಡುಗನನ್ನು ಫ್ರೆಂಚ್ ಕಲಿಯಲೆಂದು ಬ್ರೇನ್-ಲ-ಕೋಂತ್ ಎಂಬ ಊರಿನ ಶಾಲೆಗೆ ಕಳುಹಿಸಿದರು. ಮನೆಯ ಭಾಷೆಯೊಂದು, ಮೇಲಕ್ಕೇರುವ ಭಾಷೆ ಮತ್ತೊಂದು ಎಂಬ ಸಂಕಟ ನಮಗೆ ಅಪರಿಚಿತವಾದುದಲ್ಲ.

ಆದರೆ ಯೋಸೆಫನ ಮನಸ್ಸು ವ್ಯಾಪಾರದ ಕಡೆಗೆ ಹರಿಯಲಿಲ್ಲ. ಆತನ ಅಣ್ಣ ಆಗಸ್ಟನು ಪಾಂಫೀಲ್ ಎಂಬ ಹೆಸರಿನಿಂದ ಯೇಸು ಮತ್ತು ಮರಿಯಳ ಪವಿತ್ರ ಹೃದಯಗಳ ಸಂನ್ಯಾಸಿ ಸಂಘವನ್ನು ಸೇರಿದ್ದನು. ತಮ್ಮನೂ 1859ರಲ್ಲಿ ಲೂವೆನ್ ನಗರದಲ್ಲಿದ್ದ ಅದೇ ಸಂಘದ ಮಠಕ್ಕೆ ಹೋಗಿ ಸೇರಿದನು. ಅಲ್ಲಿ ಒಂದು ತೊಡಕು ಎದುರಾಯಿತು. ಪಾದ್ರಿಯಾಗಬೇಕಾದವನಿಗೆ ಲ್ಯಾಟಿನ್ ಭಾಷೆಯೂ ಶಾಸ್ತ್ರಗಳೂ ಬರಬೇಕು. ಈ ಹಳ್ಳಿಯ ಹುಡುಗನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಆದ್ದರಿಂದ ಹಿರಿಯರು ಆತನನ್ನು ಪೌರೋಹಿತ್ಯಕ್ಕೆ ಯೋಗ್ಯನೆಂದು ಎಣಿಸದೆ ಮಠದ ಸಾಮಾನ್ಯ ಸಹೋದರನನ್ನಾಗಿ ಸೇರಿಸಿಕೊಂಡರು. ಯೋಸೆಫನು ಬೇಸರಪಡಲಿಲ್ಲ. ಅಣ್ಣನಿಂದ ಬಿಡುವಿನ ವೇಳೆಯಲ್ಲಿ ಲ್ಯಾಟಿನ್ ಕಲಿಯತೊಡಗಿದನು. ಆತನ ಪ್ರಗತಿಯನ್ನು ಕಂಡ ಹಿರಿಯರು ತಮ್ಮ ನಿರ್ಧಾರವನ್ನು ಬದಲಾಯಿಸಿ ಪಾದ್ರಿಯ ವ್ಯಾಸಂಗಕ್ಕೆ ಅನುಮತಿಯಿತ್ತರು. 1860ರ ಅಕ್ಟೋಬರ್ 7ರಂದು ಪ್ಯಾರಿಸ್ಸಿನಲ್ಲಿ ಆತನು ವ್ರತದೀಕ್ಷೆಯನ್ನು ಸ್ವೀಕರಿಸಿದನು. ಆ ಸಂಘದ ಪದ್ಧತಿಯಂತೆ ದೀಕ್ಷೆ ಪಡೆಯುವವನು ನೆಲದ ಮೇಲೆ ಮಲಗಬೇಕು. ಅವನ ಮೇಲೆ ಶವಕ್ಕೆ ಹೊದಿಸುವ ವಸ್ತ್ರವನ್ನು ಹೊದಿಸುತ್ತಾರೆ. ಲೋಕದ ಪಾಲಿಗೆ ಸತ್ತು ಹೊಸಬನಾಗಿ ಏಳುವುದರ ಸಂಕೇತ ಅದು. ಹಳೆಯ ಹೆಸರು ಅಲ್ಲಿಗೆ ಬಿಟ್ಟುಹೋಯಿತು. ಯೋಸೆಫನು ಡೇಮಿಯನ್ ಆದನು.

1863ರಲ್ಲಿ ಅಣ್ಣ ಪಾಂಫೀಲನಿಗೆ ದೂರದ ಹವಾಯಿ ದ್ವೀಪಗಳಿಗೆ ಹೋಗಬೇಕೆಂದು ಸಂಘದ ಅಪ್ಪಣೆಯಾಯಿತು. ಪ್ರಯಾಣದ ಸಿದ್ಧತೆಗಳೆಲ್ಲ ಮುಗಿದಿದ್ದಾಗ ಆತನು ವಿಷಮಜ್ವರದಿಂದ ಮಲಗಿಬಿಟ್ಟನು. ಡೇಮಿಯನ್ನನು ಇನ್ನೂ ವಿದ್ಯಾರ್ಥಿ; ಪಾದ್ರಿಯ ಅಭಿಷೇಕವೂ ಆಗಿರಲಿಲ್ಲ. ಆದರೂ ಅಣ್ಣನ ಬದಲಿಗೆ ತನ್ನನ್ನು ಕಳುಹಿಸಬೇಕೆಂದು ಸ್ಥಳೀಯ ಹಿರಿಯರನ್ನು ಬದಿಗಿಟ್ಟು ನೇರವಾಗಿ ಸಂಘದ ಮುಖ್ಯಸ್ಥನಿಗೇ ಪತ್ರ ಬರೆದನು. ಅನುಮತಿ ದೊರಕಿತು. ಜರ್ಮನಿಯ ಬಂದರಿನಿಂದ ಹೊರಟ ಹಡಗು ನಾಲ್ಕು ತಿಂಗಳಿಗೂ ಮೀರಿ ಸಮುದ್ರದ ಮೇಲೆ ಸಾಗಿ 1864ರ ಮಾರ್ಚ್ 19ರಂದು ಹೊನೊಲುಲು ಪಟ್ಟಣವನ್ನು ಮುಟ್ಟಿತು. ಅದೇ ವರ್ಷ ಮೇ 21ರಂದು ಅಲ್ಲಿನ ಪ್ರಧಾನ ದೇವಾಲಯದಲ್ಲಿ ಆತನಿಗೆ ಪಾದ್ರಿಯ ಅಭಿಷೇಕವಾಯಿತು.

ಮೊದಲ ಒಂಬತ್ತು ವರ್ಷಗಳನ್ನು ಆತನು ಹವಾಯಿ ಎಂಬ ದೊಡ್ಡ ದ್ವೀಪದಲ್ಲಿ ಕಳೆದನು. ಮೊದಲು ಪೂನಾ ಎಂಬ ಪ್ರಾಂತ. ಅನಂತರ, ಅನಾರೋಗ್ಯದಿಂದ ಬಳಲುತ್ತಿದ್ದ ಇನ್ನೊಬ್ಬ ಪಾದ್ರಿಗೆ ಅನುಕೂಲವಾಗಲೆಂದು ಅದಕ್ಕಿಂತ ಕಠಿಣವಾದ ಕೊಹಾಲಾ ಪ್ರಾಂತ. ಬೆಟ್ಟ ಕಣಿವೆಗಳನ್ನು ಹತ್ತಿ ಇಳಿದು ದಿನಗಟ್ಟಲೆ ನಡೆದು ಹಳ್ಳಿ ಹಳ್ಳಿಗೆ ಹೋಗುವುದು, ಜನರ ಭಾಷೆಯನ್ನು ಕಲಿಯುವುದು, ತಾನೇ ಮರ ಹೊತ್ತು ಪ್ರಾರ್ಥನಾಮಂದಿರಗಳನ್ನು ಕಟ್ಟುವುದು, ಇದು ಆತನ ದಿನಚರಿ. ತಂದೆಯ ಹೊಲಮನೆಯಲ್ಲಿ ಕಲಿತ ಮೈದುಡಿಮೆಯು ಇಲ್ಲಿ ಲ್ಯಾಟಿನ್ ಭಾಷೆಗಿಂತ ಹೆಚ್ಚು ಉಪಯೋಗಕ್ಕೆ ಬಂದಿತೆಂದರೆ ತಪ್ಪಾಗಲಾರದು.

ಆ ಕಾಲದಲ್ಲಿ ಹವಾಯಿಯು ತನ್ನದೇ ಅರಸನಿದ್ದ ಸ್ವತಂತ್ರ ರಾಜ್ಯ. ಆದರೆ 1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಬಂದಂದಿನಿಂದ ಹೊರನಾಡಿನ ರೋಗಗಳು ಒಂದರ ಹಿಂದೊಂದು ನುಗ್ಗಿ ಅಲ್ಲಿನ ಜನರನ್ನು ತರಿದುಹಾಕುತ್ತಿದ್ದವು. 1872ರ ಜನಗಣತಿಯ ವೇಳೆಗೆ ಇಡೀ ರಾಜ್ಯದಲ್ಲಿ ಉಳಿದವರು ಸುಮಾರು 57 ಸಾವಿರ ಜನ. ಹಾಗೆ ಬಂದ ರೋಗಗಳಲ್ಲಿ ಕುಷ್ಠವೂ ಒಂದು. ಅದಕ್ಕೆ ಆಗ ಮದ್ದಿರಲಿಲ್ಲ. ಹೆದರಿದ ಸರ್ಕಾರವು 1865ರಲ್ಲಿ ಒಂದು ಕಾನೂನನ್ನು ಮಾಡಿತು. ಐದನೆಯ ಕಮೆಹಮೆಹ ಅರಸನು ಅದಕ್ಕೆ ಸಹಿ ಹಾಕಿದನು. ಅದರ ಪ್ರಕಾರ ರೋಗ ಕಂಡವರನ್ನು ಹಿಡಿದು ಮೊಲೊಕಾಯ್ ದ್ವೀಪದ ಉತ್ತರಕ್ಕೆ ಚಾಚಿಕೊಂಡ ಒಂದು ಭೂಶಿರಕ್ಕೆ ಸಾಗಿಸಬೇಕು. ಮೂರು ಕಡೆ ಕಡಲು. ನಾಲ್ಕನೆಯ ಕಡೆ ಗೋಡೆಯಂತೆ ಎದ್ದುನಿಂತ ಸುಮಾರು 2,000 ಅಡಿಯ ಕಡಿದಾದ ಬೆಟ್ಟ. ಪ್ರಕೃತಿಯೇ ಕಟ್ಟಿದ ಸೆರೆಮನೆ ಅದು. 1866ರ ಜನವರಿಯಲ್ಲಿ ಮೊದಲ ತಂಡವನ್ನು ಅಲ್ಲಿನ ಕಲವಾವೊ ಎಂಬಲ್ಲಿ ಇಳಿಸಿದರು. ಗಂಡನಿಂದ ಹೆಂಡತಿಯನ್ನು, ತಾಯಿಯಿಂದ ಮಗುವನ್ನು ಅಗಲಿಸಿ ಕಳುಹಿಸಿದ ಆ ಕಾನೂನು 1969ರವರೆಗೆ, ಎಂದರೆ ನೂರಕ್ಕೂ ಮೀರಿದ ವರ್ಷಗಳ ಕಾಲ ಜಾರಿಯಲ್ಲಿತ್ತು. ಅಷ್ಟರಲ್ಲಿ ಅಲ್ಲಿಗೆ ಹೋದವರ ಸಂಖ್ಯೆ ಸುಮಾರು 8,000. ರೋಗಿಗಳು ತಾವೇ ಉತ್ತು ಬೆಳೆದು ತಿನ್ನುವರೆಂದು ಸರ್ಕಾರವು ಮೊದಲು ಲೆಕ್ಕ ಹಾಕಿತ್ತು. ಬೆರಳಿಲ್ಲದ ಕೈಗಳು ನೇಗಿಲನ್ನು ಹಿಡಿಯುವುದು ಹೇಗೆಂಬುದನ್ನು ಯಾರೂ ಯೋಚಿಸಿದಂತಿಲ್ಲ.

1873ರ ಮೇ 4ರಂದು ಮಾವಿ ದ್ವೀಪದ ವೈಲುಕು ಎಂಬಲ್ಲಿ ಹೊಸ ದೇವಾಲಯದ ಪ್ರತಿಷ್ಠೆಗೆಂದು ಪಾದ್ರಿಗಳೆಲ್ಲ ಕೂಡಿದ್ದರು. ಬಿಷಪ್ ಮೆಗ್ರೆಯವರು ಮೊಲೊಕಾಯಿಯ ರೋಗಿಗಳ ಮಾತನ್ನೆತ್ತಿದರು. ಅಲ್ಲಿಗೆ ಹೋಗುವುದು ಸಾವಿನ ಬಾಯಿಗೆ ಹೋದಂತೆ. ಆದ್ದರಿಂದ ಯಾರಿಗೂ ಅಪ್ಪಣೆ ಮಾಡಲು ಅವರಿಗೆ ಮನಸ್ಸು ಬರಲಿಲ್ಲ. ನಾಲ್ವರು ತಾವಾಗಿಯೇ ಮುಂದೆ ಬಂದರು. ಒಬ್ಬೊಬ್ಬರೂ ಸರದಿಯಂತೆ ಕೆಲವು ವಾರ ಇದ್ದು ಬರುವುದೆಂದು ಗೊತ್ತಾಯಿತು. ಮೊದಲ ಸರದಿ ಡೇಮಿಯನ್ನನದು. ಮೇ 10ರಂದು ಆತನು ದನಗಳನ್ನೂ ಹೊಸ ರೋಗಿಗಳನ್ನೂ ಹೊತ್ತ ಹಡಗಿನಿಂದ ಆ ದಡದಲ್ಲಿ ಇಳಿದನು. ಇರಲು ಮನೆಯಿರಲಿಲ್ಲ. ಚಿಕ್ಕ ದೇವಾಲಯದ ಪಕ್ಕದಲ್ಲಿ ನಮ್ಮ ಕೇದಗೆಯ ಜಾತಿಗೆ ಸೇರಿದ ಒಂದು ಮರವಿತ್ತು. ಮೊದಲ ರಾತ್ರಿಗಳನ್ನು ಅದರ ಬುಡದಲ್ಲಿಯೇ ಕಳೆದನು. ಸ್ವಲ್ಪ ದಿನಗಳಲ್ಲಿಯೇ ತನ್ನನ್ನು ಅಲ್ಲಿಯೇ ಇರಗೊಡಬೇಕೆಂದು ಮೇಲಿನವರಿಗೆ ಬರೆದನು. ಎರಡನೆಯ ಸರದಿಯವನು ಬರಬೇಕಾಗಲೇ ಇಲ್ಲ. ಆತನು ಅಲ್ಲಿ ಉಳಿದದ್ದು ಹದಿನಾರು ವರ್ಷ.

ಅಲ್ಲಿ ಆತನು ಕಂಡದ್ದೇನು? ಹರಕು ಗುಡಿಸಲುಗಳು, ಕೊಳೆತು ನಾರುವ ಹುಣ್ಣುಗಳು, ಹೊಟ್ಟೆಗೆ ಸಾಲದ ಆಹಾರ, ಗಿಡದ ಬೇರಿನಿಂದ ಇಳಿಸಿದ ಹೆಂಡ, ಬಲವಿದ್ದವನು ಬಲವಿಲ್ಲದವನನ್ನು ಸುಲಿಯುವ ಅರಾಜಕತೆ. ಸತ್ತವರನ್ನು ಪೆಟ್ಟಿಗೆಯಿಲ್ಲದೆ, ಆಳವಿಲ್ಲದ ಗುಂಡಿಗಳಲ್ಲಿ ಹೂಳುತ್ತಿದ್ದರು. ಮೊದಮೊದಲು ಆತನಿಗೂ ಆ ದುರ್ಗಂಧ ತಡೆಯಲಾಗುತ್ತಿರಲಿಲ್ಲ. ಪೂಜೆಯ ನಡುವೆ ಹೊರಗೆ ಬಂದು ಗಾಳಿ ಕುಡಿದು ಒಳಗೆ ಹೋದದ್ದೂ ಉಂಟು. ವಾಸನೆಯನ್ನು ಮರೆಸಲೆಂದೇ ಆತನು ಹೊಗೆಬತ್ತಿಯ ಕೊಳವೆಯನ್ನು ಅಭ್ಯಾಸ ಮಾಡಿಕೊಂಡನು. ಬಾಯಲ್ಲಿ ತುಂಬಿದ ಉಗುಳನ್ನು ತಡೆಯಲಾರದೆ ರೋಗಿಗಳು ದೇವಾಲಯಕ್ಕೆ ಬರಲು ನಾಚುತ್ತಿದ್ದರು. ಆತನು ಅವರನ್ನು ಹೊರಗೆ ನಿಲ್ಲಿಸಲಿಲ್ಲ. ಉಗುಳಲು ಅನುಕೂಲವಾಗಲೆಂದು ದೇವಾಲಯದ ಹಲಗೆಯ ನೆಲದಲ್ಲಿಯೇ ಚೌಕನಾದ ರಂಧ್ರಗಳನ್ನು ಕೊರೆದನು. ಜನರಿಗಾಗಿ ದೇವಾಲಯವನ್ನು ಕೊರೆದ ಪಾದ್ರಿ ಈತ. ಈ ಒಂದು ಸಣ್ಣ ಸಂಗತಿಯಲ್ಲಿ ಆತನ ಧರ್ಮದ ಸಾರವೆಲ್ಲ ಅಡಗಿದೆಯೆಂದು ನನ್ನ ಭಾವನೆ.

ಮುಟ್ಟಬಾರದೆಂದು ಮೇಲಿನವರು ಎಚ್ಚರಿಕೆ ಹೇಳಿ ಕಳುಹಿಸಿದ್ದರು. ಆತನು ಮುಟ್ಟಿದನು. ಹುಣ್ಣುಗಳನ್ನು ತೊಳೆದು ಬಟ್ಟೆ ಕಟ್ಟಿದನು. ಕೆಸುವಿನ ಗೆಡ್ಡೆಯನ್ನು ಜಜ್ಜಿ ಮಾಡುವ ಪೋಯಿ ಎಂಬುದು ಅಲ್ಲಿಯವರ ಮುಖ್ಯ ಆಹಾರ. ಎಲ್ಲರೂ ಒಂದೇ ಪಾತ್ರೆಗೆ ಬೆರಳದ್ದಿ ತಿನ್ನುವುದು ವಾಡಿಕೆ. ಆತನೂ ಅವರೊಡನೆ ಅದೇ ಪಾತ್ರೆಗೆ ಕೈಯಿಟ್ಟನು. ಜೊತೆಯಲ್ಲಿ ಕುಳಿತು ಉಣ್ಣದವನನ್ನು ಹವಾಯಿಯವರು ತಮ್ಮವನೆಂದು ಒಪ್ಪುತ್ತಿರಲಿಲ್ಲ. ಉಪದೇಶ ಮಾಡುವಾಗ ರೋಗಿಗಳನ್ನು ನೀವು ಎಂದು ಕರೆಯದೆ, ತನಗಿನ್ನೂ ರೋಗ ತಗಲುವ ಎಷ್ಟೋ ವರ್ಷ ಮೊದಲಿನಿಂದಲೇ, ಕುಷ್ಠರೋಗಿಗಳಾದ ನಾವು ಎಂದೇ ಮಾತನ್ನು ಆರಂಭಿಸುತ್ತಿದ್ದನು.

ಇಷ್ಟೇ ಆಗಿದ್ದರೆ ಆತನನ್ನು ಕರುಣಾಳುವೆಂದು ಹೊಗಳಿ ಬಿಡಬಹುದಾಗಿತ್ತು. ಆದರೆ ಆತನ ಸೇವೆ ಕಣ್ಣೀರಿನ ಸೇವೆಯಾಗಿರಲಿಲ್ಲ. ಗರಗಸ ಸುತ್ತಿಗೆಗಳ ಸೇವೆಯಾಗಿತ್ತು. 1874ರ ಬಿರುಗಾಳಿಗೆ ಗುಡಿಸಲುಗಳು ಹಾರಿಹೋದಾಗ ಸರ್ಕಾರದಿಂದ ಮರಮುಟ್ಟುಗಳನ್ನು ತರಿಸಿ, ಕೈಲಾದ ರೋಗಿಗಳನ್ನು ಜೊತೆಗೆ ಸೇರಿಸಿಕೊಂಡು ನೆಲದಿಂದ ಎತ್ತರಿಸಿದ ಹಲಗೆಯ ಮನೆಗಳನ್ನು ಕಟ್ಟಿದನು. ದೂರದ ಕಣಿವೆಯಿಂದ ನೀರು ಹೊತ್ತು ತರಲಾರದೆ ಹುಣ್ಣು ತೊಳೆಯಲೂ ನೀರಿಲ್ಲದಿದ್ದ ಊರಿಗೆ ಕೊಳವೆಗಳನ್ನು ತರಿಸಿ ನೀರನ್ನು ಹರಿಸಿದನು. ತಾಯಿತಂದೆಯರಿಲ್ಲದ ಹುಡುಗರಿಗೊಂದು, ಹುಡುಗಿಯರಿಗೊಂದು ಅನಾಥಾಲಯವನ್ನು ತೆರೆದನು. ಸತ್ತವರಿಗಾಗಿ ನೂರಾರು ಶವಪೆಟ್ಟಿಗೆಗಳನ್ನು ತಾನೇ ಮಾಡಿದನು. ಗುಂಡಿಯನ್ನು ತಾನೇ ತೋಡಿದನು. ಸಂಸ್ಕಾರವನ್ನು ತಾನೇ ನಡೆಸಿದನು. ಹಾಡುವವರ ಮೇಳವನ್ನೂ ವಾದ್ಯದ ತಂಡವನ್ನೂ ಕಟ್ಟಿ, ಹೂಳುವುದಕ್ಕೆ ಹೋಗುವ ಮೆರವಣಿಗೆಗೂ ಒಂದು ಗೌರವವನ್ನು ತಂದನು. ನಾಯಿಯಂತೆ ಬಿದ್ದು ಸಾಯುವೆನೆಂದುಕೊಂಡಿದ್ದವನು ಮನುಷ್ಯನಂತೆ ಸಾಯಬಹುದೆಂಬ ನಂಬಿಕೆ ಬಂದ ಮೇಲೆ, ಮನುಷ್ಯನಂತೆ ಬದುಕುವ ಆಸೆಯೂ ಅವರಲ್ಲಿ ಚಿಗುರಿತು.

ನಾವು ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಇಲ್ಲಿ ಸಿಕ್ಕುತ್ತದೆಂದು ನನಗೆ ತೋರುತ್ತದೆ. ಆ ರೋಗಿಗಳನ್ನು ಕೆಳಕ್ಕೆ ತಳ್ಳಿದ್ದು ಕಾನೂನು. ಡೇಮಿಯನ್ನನು ಕೆಳಕ್ಕೆ ಇಳಿದದ್ದು ಸ್ವಂತ ಇಚ್ಛೆಯಿಂದ. ಇಳಿದವನು ಅಲ್ಲಿದ್ದವರಿಗೆ ತಗ್ಗಿ ಬಾಳಿರೆಂದು ಬೋಧಿಸಲಿಲ್ಲ. ಅವರಿಗಾಗಿ ಮೇಲಿನವರೊಡನೆ ಹೋರಾಡಿದನು. ಹೊನೊಲುಲುವಿನ ಆರೋಗ್ಯ ಮಂಡಲಿಗೆ ಆತನು ಬರೆದ ಪತ್ರಗಳಿಗೆ ಕೊನೆಯಿರಲಿಲ್ಲ. ಬಟ್ಟೆ ಬೇಕು, ಹಲಗೆ ಬೇಕು, ಹಾಲು ಬೇಕು, ವೈದ್ಯನು ಬೇಕು ಎಂದು ಆತನು ಬೇಡಿದನು, ಕಾಡಿದನು, ಸಿಟ್ಟಿಗೆದ್ದನು. ಅಧಿಕಾರಿಗಳಿಗೆ ಆತನು ತಲೆನೋವಾದನು. ತನಗಾಗಿ ಏನನ್ನೂ ಕೇಳದವನು ಇತರರಿಗಾಗಿ ಕೇಳುವಾಗ ನಾಚಲಿಲ್ಲ. ದಾಸ್ಯವೆಂದರೆ ತಲೆತಗ್ಗಿಸಿ ನಿಲ್ಲುವುದು. ಸೇವೆಯೆಂದರೆ ಬಿದ್ದವರನ್ನು ಎತ್ತಲು ಬಾಗುವುದು. ಎರಡರಲ್ಲಿಯೂ ಬೆನ್ನು ಬಾಗಿರುತ್ತದೆಯಾದರೂ ಎರಡೂ ಒಂದೇ ಅಲ್ಲ. ಪೌಲನ ಪತ್ರದಲ್ಲಿಯೂ ಇಳಿದು ಬಂದವನು ಮೇಲಿದ್ದವನೇ ಹೊರತು ಕೆಳಗಿದ್ದವನಲ್ಲ ಎಂಬುದನ್ನು ಗಮನಿಸಬೇಕು.

ಆತನು ದೋಷರಹಿತನಾಗಿದ್ದನೆಂದು ಹೇಳಿದರೆ ಅದು ಚರಿತ್ರೆಯಾಗದೆ ಪುರಾಣವಾದೀತು. ಆತನಿಗೆ ಹಟ ಹೆಚ್ಚು, ಸಿಟ್ಟು ಬೇಗ. ಹೆಂಡ ಕುಡಿದು ಕುಣಿಯುವವರ ಗುಂಪಿಗೆ ಕೋಲು ಹಿಡಿದು ನುಗ್ಗುತ್ತಿದ್ದನು. ಜೊತೆಗೆಂದು ಬಂದ ಪಾದ್ರಿಗಳೊಡನೆ ಹೊಂದಿಕೊಂಡು ಹೋಗುವುದು ಆತನಿಗೆ ಸಾಧ್ಯವಾಗಲಿಲ್ಲ. ತನ್ನ ಮೇಲಿನವರಿಂದ ಎಷ್ಟೋ ಬಾರಿ ಕಟುವಾದ ಮಾತುಗಳನ್ನು ಕೇಳಬೇಕಾಯಿತು. ಲಂಡನ್ನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚಾಪ್ಮನ್ ಎಂಬುವರು ತಮ್ಮ ಜನರಿಂದ ಹಣ ಕೂಡಿಸಿ ಕಳುಹಿಸಿದಾಗ, ಇದರಿಂದ ಸರ್ಕಾರಕ್ಕೆ ಅವಮಾನವಾಯಿತೆಂದೂ ಡೇಮಿಯನ್ನನು ಕೀರ್ತಿಗಾಗಿ ಹಂಬಲಿಸುತ್ತಿದ್ದಾನೆಂದೂ ಆಡಿಕೊಂಡರು. ಈ ಮಾತು ಆತನನ್ನು ರೋಗಕ್ಕಿಂತ ಹೆಚ್ಚು ನೋಯಿಸಿದ್ದರೆ ಆಶ್ಚರ್ಯವಿಲ್ಲ.

ಎಲ್ಲಕ್ಕಿಂತ ಕಠಿಣವಾದುದು ಏಕಾಂತ. ಕ್ರೈಸ್ತ ಪಾದ್ರಿಯೂ ಇನ್ನೊಬ್ಬ ಪಾದ್ರಿಯ ಮುಂದೆ ತನ್ನ ಪಾಪಗಳನ್ನು ಹೇಳಿಕೊಳ್ಳಬೇಕೆಂಬ ನಿಯಮವಿದೆ. ಆರೋಗ್ಯ ಮಂಡಲಿಯು ಡೇಮಿಯನ್ನನು ಆ ಭೂಶಿರವನ್ನು ಬಿಟ್ಟು ಹೊರಗೆ ಬರಕೂಡದೆಂದು ಕಟ್ಟುಮಾಡಿತು. ಆಗೊಮ್ಮೆ ಸಂಘದ ಹಿರಿಯನೊಬ್ಬನು ಹಡಗಿನಲ್ಲಿ ಅಲ್ಲಿಯವರೆಗೆ ಬಂದನು. ಅವನಿಗೆ ಇಳಿಯಲು ಅಪ್ಪಣೆಯಿಲ್ಲ, ಇವನಿಗೆ ಹತ್ತಲು ಅಪ್ಪಣೆಯಿಲ್ಲ. ಡೇಮಿಯನ್ನನು ಚಿಕ್ಕ ದೋಣಿಯಲ್ಲಿ ಹಡಗಿನ ಬಳಿಗೆ ಹೋಗಿ, ಮೇಲೆ ನಿಂತವನಿಗೆ ಕೇಳಿಸುವಂತೆ ತನ್ನ ಪಾಪಗಳನ್ನು ಫ್ರೆಂಚ್ ಭಾಷೆಯಲ್ಲಿ ಕೂಗಿ ಹೇಳಿ ಕ್ಷಮೆಯನ್ನು ಪಡೆದನು. ವ್ಯಾಪಾರಕ್ಕೆಂದು ಕಲಿತ ಫ್ರೆಂಚ್ ಹೀಗೆ ಉಪಯೋಗಕ್ಕೆ ಬಂದೀತೆಂದು ಆತನ ತಂದೆ ಕನಸಿನಲ್ಲಿಯೂ ಎಣಿಸಿರಲಾರನು.

ಹನ್ನೊಂದು ವರ್ಷ ಕಳೆದವು. 1884ರ ಡಿಸೆಂಬರಿನಲ್ಲಿ ಒಂದು ದಿನ, ದಣಿದು ಬಂದು ಬಿಸಿನೀರಿನಲ್ಲಿ ಕಾಲಿಟ್ಟನು. ಚರ್ಮವು ಬೆಂದು ಬೊಕ್ಕೆಯೆದ್ದಿತು. ಆದರೆ ಬಿಸಿಯೇ ತಿಳಿಯಲಿಲ್ಲ. ನೂರಾರು ಜನರ ಕಾಲಿನ ಹುಣ್ಣುಗಳನ್ನು ತೊಳೆದಿದ್ದವನಿಗೆ ಇದರ ಅರ್ಥವೇನೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮರುವರ್ಷ ಡಾಕ್ಟರ್ ಆರ್ನಿಂಗ್ ಎಂಬ ಜರ್ಮನ್ ವೈದ್ಯನು ಪರೀಕ್ಷಿಸಿ ಅದನ್ನು ದೃಢಪಡಿಸಿದನು. ಡೇಮಿಯನ್ನನು ಕೆಲಸವನ್ನು ನಿಲ್ಲಿಸಲಿಲ್ಲ. ಇನ್ನಷ್ಟು ಆತುರದಿಂದ ಮಾಡತೊಡಗಿದನು. ತಡವಾಗಿಯಾದರೂ ನೆರವು ಬಂದಿತು. 1886ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದ ಜೋಸೆಫ್ ಡಟ್ಟನ್ ಬಂದು ಜೊತೆ ಸೇರಿದನು. 1888ರಲ್ಲಿ ಕಾನ್ರಾರ್ಡಿ ಎಂಬ ಬೆಲ್ಜಿಯಂ ದೇಶದ ಪಾದ್ರಿಯೂ, ನವೆಂಬರಿನಲ್ಲಿ ಮದರ್ ಮೇರಿಯಾನ್ ಕೋಪ್ ಮತ್ತು ಅವರ ಸಂಗಡದ ಸಹೋದರಿಯರೂ ಬಂದರು. ಅದೇ ಡಿಸೆಂಬರಿನಲ್ಲಿ ಬಂದ ಎಡ್ವರ್ಡ್ ಕ್ಲಿಫರ್ಡ್ ಎಂಬ ಇಂಗ್ಲಿಷ್ ಚಿತ್ರಕಾರನು ಗರ್ಜನ ಎಣ್ಣೆಯನ್ನು ತಂದುಕೊಟ್ಟನು. ಅದು ನಮ್ಮ ಅಂಡಮಾನಿನ ಕಾಡುಮರಗಳಿಂದ ತೆಗೆಯುವ ಎಣ್ಣೆ. ಅಲ್ಲಿನ ಕೈದಿಗಳಲ್ಲಿ ಕುಷ್ಠದಿಂದ ನರಳುತ್ತಿದ್ದವರಿಗೆ ಅದನ್ನು ಹಚ್ಚಿ ನೋಡಿದ್ದರು. ಭಾರತದ ಒಂದು ದ್ವೀಪದ ಬಂದಿಗಳ ಮದ್ದು ಸಾಗರ ದಾಟಿ ಇನ್ನೊಂದು ದ್ವೀಪದ ಬಂದಿಯನ್ನು ತಲುಪಿತು. ಆದರೆ ಕಾಲ ಮೀರಿಹೋಗಿತ್ತು.

1889ರ ಏಪ್ರಿಲ್ 15ರಂದು, ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಡೇಮಿಯನ್ನನು ಕಣ್ಣು ಮುಚ್ಚಿದನು. ಅದು ಕ್ರೈಸ್ತರ ಪವಿತ್ರ ವಾರದ ಸೋಮವಾರ. ಯೇಸುವು ಶಿಷ್ಯರ ಕಾಲು ತೊಳೆದುದನ್ನು ಸ್ಮರಿಸುವ ಗುರುವಾರಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ಮೊದಲ ರಾತ್ರಿ ತಾನು ಮಲಗಿದ್ದ ಆ ಮರದ ಬುಡದಲ್ಲಿಯೇ ಆತನನ್ನು ಸಮಾಧಿ ಮಾಡಿದರು.

ಸತ್ತ ಮೇಲೂ ನಿಂದೆ ತಪ್ಪಲಿಲ್ಲ. ಹೊನೊಲುಲುವಿನ ಹೈಡ್ ಎಂಬ ಪ್ರಾಟೆಸ್ಟಂಟ್ ಬೋಧಕನು ಡೇಮಿಯನ್ನನು ಒರಟ, ಕೊಳಕ, ಹಟಮಾರಿಯೆಂದೂ ನಡತೆಗೆಟ್ಟವನೆಂದೂ ಬರೆದ ಖಾಸಗಿ ಪತ್ರವೊಂದು ಅಚ್ಚಾಯಿತು. ಡೇಮಿಯನ್ನನು ತೀರಿಕೊಂಡ ಮರುತಿಂಗಳೇ ಆ ಭೂಶಿರದಲ್ಲಿ ಎಂಟು ದಿನ ಇದ್ದು ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಪ್ರಸಿದ್ಧ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್ಸನ್ನನು 1890ರ ಫೆಬ್ರವರಿಯಲ್ಲಿ ಅದಕ್ಕೆ ಬಹಿರಂಗ ಉತ್ತರವನ್ನು ಬರೆದನು. ಸ್ಟೀವನ್ಸನ್ನನು ಹುಟ್ಟಿ ಬೆಳೆದದ್ದೂ ಪ್ರಾಟೆಸ್ಟಂಟ್ ಮನೆತನದಲ್ಲಿಯೇ. ಆತನು ಡೇಮಿಯನ್ನನ ಒರಟುತನವನ್ನು ಅಲ್ಲಗಳೆಯಲಿಲ್ಲ. ಸೌಕರ್ಯದ ಮನೆಯಲ್ಲಿ ಕುಳಿತವನು, ಆ ಕೊಳೆಯಲ್ಲಿ ಇಳಿದು ದುಡಿದು ಸತ್ತವನ ಮೈಯ ಕೊಳೆಯನ್ನು ಎಣಿಸುವುದು ಎಷ್ಟು ಹೀನವೆಂಬುದನ್ನು ಮಾತ್ರ ತೋರಿಸಿಕೊಟ್ಟನು.

1936ರಲ್ಲಿ ಆತನ ಅಸ್ಥಿಗಳನ್ನು ಬೆಲ್ಜಿಯಂಗೆ ತಂದಾಗ ಸ್ವತಃ ಅರಸನೇ ಬಂದರಿಗೆ ಬಂದು ಎದುರುಗೊಂಡನು. 1995ರಲ್ಲಿ ಆತನ ಬಲಗೈಯನ್ನು ಮಾತ್ರ ಕಲವಾವೊದ ಹಳೆಯ ಸಮಾಧಿಗೆ ಮರಳಿಸಿದರು. ಸುತ್ತಿಗೆಯನ್ನೂ ಗುದ್ದಲಿಯನ್ನೂ ಹಿಡಿದ ಕೈ ಅದು. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟರು ಆತನನ್ನು ಸಂತನೆಂದು ಘೋಷಿಸಿದರು.

ಕ್ರೈಸ್ತ ಧರ್ಮಗ್ರಂಥಕ್ಕೂ ಈ ರೋಗಕ್ಕೂ ಇರುವ ಒಂದು ಸಂಬಂಧವನ್ನು ಇಲ್ಲಿ ನೆನೆಯಬೇಕು. ಮೋಶೆಯ ನಿಯಮಗಳಲ್ಲಿ ಕುಷ್ಠಿಯನ್ನು ಪಾಳೆಯದ ಹೊರಗೆ ಇರಿಸಬೇಕೆಂಬ ವಿಧಿಯಿದೆ. ಅಲ್ಲಿ ಹೇಳಿದ ಚರ್ಮರೋಗವು ಇಂದಿನ ಕುಷ್ಠವೇ ಅಲ್ಲವೆಂದು ವಿದ್ವಾಂಸರು ಹೇಳುತ್ತಾರಾದರೂ ಶತಮಾನಗಳ ಕಾಲ ರೋಗಿಗಳನ್ನು ಊರ ಹೊರಗೆ ಅಟ್ಟಲು ಅದೇ ಆಧಾರವಾಯಿತು. ಆದರೆ ಯೆಶಾಯ ಪ್ರವಾದಿಯ ಗ್ರಂಥದ ಐವತ್ತಮೂರನೆಯ ಅಧ್ಯಾಯದಲ್ಲಿ ಪರರ ನೋವನ್ನು ಹೊರುವ ದೇವರ ಸೇವಕನೊಬ್ಬನ ವರ್ಣನೆಯಿದೆ. ಕ್ರೈಸ್ತರು ಅದನ್ನು ಯೇಸುವಿಗೆ ಅನ್ವಯಿಸುತ್ತಾರೆ. ಆ ಭಾಗವನ್ನು ಲ್ಯಾಟಿನ್ ಭಾಷೆಗೆ ತರುವಾಗ ಸಂತ ಜೆರೋಮನು, ಜನರು ಆ ಸೇವಕನನ್ನು ಕುಷ್ಠಿಯಂತೆ ಎಣಿಸಿದರೆಂಬ ಅರ್ಥದ ಪದವನ್ನು ಬಳಸಿದನು. ಅಣ್ಣನ ಬಳಿ ಕಷ್ಟಪಟ್ಟು ಲ್ಯಾಟಿನ್ ಕಲಿತ ಡೇಮಿಯನ್ನನ ಕೈಯಲ್ಲಿದ್ದ ಗ್ರಂಥದಲ್ಲಿ ದೇವರ ಸೇವಕನು ಊರ ಹೊರಗಿನ ಕುಷ್ಠಿಯ ರೂಪದಲ್ಲಿಯೇ ಇದ್ದನು. ಇತರರು ಓದಿ ಮುಂದೆ ಹೋದ ಪದವನ್ನು ಈತನು ಬಾಳಿದನು.

ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆಯ ಡಾಕ್ಟರ್ ಹ್ಯಾನ್ಸನ್ನನು ಕಂಡುಹಿಡಿದದ್ದು, ಡೇಮಿಯನ್ನನು ಮೊಲೊಕಾಯಿಗೆ ಕಾಲಿಟ್ಟ 1873ರಲ್ಲಿಯೇ. ಫಲಕಾರಿಯಾದ ಮದ್ದು ಬಳಕೆಗೆ ಬಂದದ್ದು 1940ರ ಅನಂತರ. 1955ರಲ್ಲಿ ಡೇಮಿಯನ್ನನ ದೇಶದವನೇ ಆದ ಡಾಕ್ಟರ್ ಹೆಮೆರಿಕ್ಸ್ ಎಂಬುವರು ತಮಿಳುನಾಡಿನ ಪೋಲಂಬಾಕ್ಕಂಗೆ ಬಂದು, ರೋಗಿಗಳನ್ನು ಊರಿನಿಂದ ಹೊರಗೆ ಸಾಗಿಸದೆ, ತಾವೇ ಹಳ್ಳಿ ಹಳ್ಳಿಗೆ ಹೋಗಿ ಮರದ ಕೆಳಗೆ ಕುಳಿತು ಚಿಕಿತ್ಸೆ ಮಾಡಿದರು. ಈಗ ಕುಷ್ಠವು ಸಂಪೂರ್ಣವಾಗಿ ವಾಸಿಯಾಗುವ ರೋಗ. ಆದರೂ 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರು. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆಯೆಂಬ ಕಾರಣದಿಂದ ವಿಚ್ಛೇದನ ಪಡೆಯಬಹುದೆಂಬ ವಿಧಿಯನ್ನು ನಮ್ಮ ಕಾನೂನುಗಳಿಂದ ತೆಗೆದುಹಾಕಿದ್ದು 2019ರಲ್ಲಿ. ಮದ್ದು ಬಂದ ಎಷ್ಟೋ ಕಾಲದ ಮೇಲೂ ಭಯವು ಉಳಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪದವಿಯನ್ನು ಪಡೆದು ಹೊರಗೆ ಹೋಗುವ ನಮ್ಮನ್ನು ನಮ್ಮ ಹಿರಿಯರು ಕಷ್ಟಪಟ್ಟು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದ್ದಾರೆ. ಆ ಮೆಟ್ಟಿಲನ್ನು ಬಿಟ್ಟುಕೊಡಬೇಕೆಂದು ಡೇಮಿಯನ್ನನ ಚರಿತ್ರೆ ಹೇಳುವುದಿಲ್ಲ. ಕಲಿತ ಲ್ಯಾಟಿನ್ನನ್ನೂ ಫ್ರೆಂಚನ್ನೂ ಆತನು ಮರೆಯಲಿಲ್ಲ. ತಂದೆಯ ಮನೆಯ ದುಡಿಮೆಯನ್ನೂ ಮರೆಯಲಿಲ್ಲ. ಎರಡನ್ನೂ ಹಿಡಿದು, ಯಾರೂ ಹೋಗದ ಕಡೆಗೆ ಇಳಿದು ಹೋದನು. ಅಲ್ಲಿದ್ದವರನ್ನು ತನ್ನೊಡನೆ ಮೇಲಕ್ಕೆತ್ತಲು ಹೆಣಗಿದನು. ವಿದ್ಯೆಯಿಂದ ದೊರೆತ ಎತ್ತರಕ್ಕೆ ಇದಕ್ಕಿಂತ ಸಾರ್ಥಕವಾದ ಉಪಯೋಗವನ್ನು ನಾನಂತೂ ಕಾಣೆನು. ನಾವು ಮೊಲೊಕಾಯಿಗೆ ಹೋಗಬೇಕಾಗಿಲ್ಲ. ನಮ್ಮ ಊರಿನ ಹೊರಗೆ ಯಾರು ಇದ್ದಾರೆಂಬುದನ್ನು ನೋಡಿದರೆ ಸಾಕು.